ಸಂಜೆ ಆರೂವರೆಯಿಂದ ಒಂಬತ್ತೂವರೆ

ಭಾನುವಾರ ಬೆಳಗ್ಗೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮವರದೇ ಒಂದು ಸಂಘದ ಕೋಣೆಯಲ್ಲಿ, ಊರಿನಿಂದ ಕೆಲಸಕ್ಕೆಂದು ಬಂದ ಹುಡುಗ ಹುಡುಗಿಯರಿಗೆ ನಾನು ಲೆಕ್ಕಪತ್ರದ ಕೆಲಸ ಹೇಳಿಕೊಡುತ್ತೇನೆ. ಎಕ್ಸೆಲ್, ಟ್ಯಾಲಿ, ಜಿಎಸ್‌ಟಿ ರಿಟರ್ನ್ ತುಂಬುವುದು, ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕಕ್ಕೂ ತಾಳೆ ನೋಡುವುದು. ಹೆಚ್ಚಿನವರು ಕುಂದಾಪುರ, ಉಡುಪಿ, ಕಾರ್ಕಳ ಕಡೆಯವರು. ಈಚೆಗೆ ವಿಜಯಪುರ, ಕಲಬುರಗಿ ಕಡೆಯ ಮಕ್ಕಳೂ ಬರುತ್ತಿದ್ದಾರೆ. ಹೊಸದಾಗಿ ಸೇರಿದವರು ಒಂದೆರಡು ವಾರ ಸುಮ್ಮನೆ ಕೂತಿದ್ದು, ಆಮೇಲೆ ಹತ್ತಿರ ಬಂದು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. "ಅಕ್ಕ, ಓವರ್‌ಟೈಮ್ ಮಾಡಿದ್ರೆ ಕೈಗೆ ದುಡ್ಡು ಬರ್ತದೆ. ಕ್ಲಾಸಿಗೆ ಬಂದ್ರೆ ಎಂತ ಬರ್ತದೆ?"

ವಿದ್ಯೆ ಯಾರೂ ಕದಿಯಲಾಗದ ಸಂಪತ್ತು ಎಂದು ನಮ್ಮ ಹಿರಿಯರು ಇದಕ್ಕೆ ಉತ್ತರ ಕೊಡುತ್ತಿದ್ದರು. ಅದು ಸುಳ್ಳಲ್ಲ. ಆದರೆ ಸಂಬಳವಾದ ಮರುದಿನವೇ ಊರಿಗೆ ಹಣ ಕಳಿಸಬೇಕಾದ ಹುಡುಗ ರೂಪಾಯಿಯಲ್ಲಿ ಕೇಳಿದ್ದಾನೆ, ಅವನಿಗೆ ಉತ್ತರವೂ ರೂಪಾಯಿಯಲ್ಲೇ ಸಿಗಬೇಕು. ಹಾಗಾಗಿ ಅವನ ಒಂದು ಗಂಟೆಯ ಬೆಲೆ ಎಷ್ಟು ಎಂಬುದನ್ನು ಮೊದಲು ಬೋರ್ಡಿನ ಮೇಲೆ ಅವನ ಕೈಯಲ್ಲೇ ಬರೆಸುತ್ತೇನೆ.

ಸಂಬಳ 18,000 ರೂಪಾಯಿ ಅನ್ನಿ. ತಿಂಗಳಿಗೆ 26 ದಿನ, ದಿನಕ್ಕೆ 9 ಗಂಟೆ ಡ್ಯೂಟಿ. ಒಟ್ಟು 234 ಗಂಟೆ, ಗಂಟೆಗೆ 77 ರೂಪಾಯಿ ಬಿತ್ತು. ಇಲ್ಲಿಗೆ ಎಲ್ಲರೂ ಲೆಕ್ಕ ನಿಲ್ಲಿಸುತ್ತಾರೆ. ನಾನು ನಿಲ್ಲಿಸಲು ಬಿಡುವುದಿಲ್ಲ. ನಗರದಿಂದ ದೂರದ ಬದಲಾಪುರದಲ್ಲೋ ನಾಲಾಸೋಪಾರದಲ್ಲೋ ರೂಮು ಮಾಡಿಕೊಂಡವನು ಹೋಗಿಬರಲು ದಿನಕ್ಕೆ 3 ಗಂಟೆ ಕೊಡುತ್ತಾನೆ. ಆ ಗಂಟೆಗಳಿಗೆ ಯಾರೂ ಸಂಬಳ ಕೊಡುವುದಿಲ್ಲ, ಆದರೆ ಅವು ಅವನ ಆಯುಷ್ಯದಿಂದಲೇ ಹೋಗುವುದು. ಅದನ್ನೂ ಸೇರಿಸಿದರೆ ತಿಂಗಳಿಗೆ 312 ಗಂಟೆ. ಈಗ ಗಂಟೆಗೆ 58 ರೂಪಾಯಿ. ಈ ಅಂಕಿ ಬೋರ್ಡಿನ ಮೇಲೆ ಬಂದಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ತನ್ನ ಗಂಟೆಗೆ ಬೆಲೆ ಇದೆ ಎಂಬುದೇ ಕೆಲವರಿಗೆ ಹೊಸ ವಿಷಯ. ಅದು ಇಷ್ಟು ಕಡಿಮೆ ಎಂಬುದು ಉಳಿದವರಿಗೆ ಹೊಸದು.

ಇನ್ನು ಓವರ್‌ಟೈಮ್. ದಿನಕ್ಕೆ 2 ಗಂಟೆಯಂತೆ ತಿಂಗಳಿಗೆ 52 ಗಂಟೆ. ದುಪ್ಪಟ್ಟು ದರ ಕೊಡುವ ಕಡೆ ಸುಮಾರು 8,000 ರೂಪಾಯಿ, ಮಾಮೂಲಿ ದರವನ್ನೇ ಕೊಡುವ ಕಡೆ 4,000. ಯಾವುದೂ ಸಣ್ಣ ಮೊತ್ತವಲ್ಲ. ತಂಗಿಯ ಕಾಲೇಜು ಫೀಸು, ಅಮ್ಮನ ಔಷಧಿ, ಮಳೆಗಾಲಕ್ಕೆ ಮುಂಚೆ ಮನೆಯ ಮಾಡಿನ ರಿಪೇರಿ ಎಲ್ಲ ಅದರಲ್ಲಿದೆ. ಅದನ್ನು ಬಿಟ್ಟು ಕ್ಲಾಸಿಗೆ ಬಾ ಎನ್ನುವವರು ಈ 4,000 ಎಲ್ಲಿಂದ ತುಂಬಬೇಕು ಎಂಬುದನ್ನೂ ಯೋಚಿಸಿ ಹೇಳಬೇಕು. ಒಂದು ವರ್ಷ ಬಿಟ್ಟರೆ 48,000 ಹೋಯಿತು. ಆ ವರ್ಷದಲ್ಲಿ ಕಲಿತದ್ದರಿಂದ ಮುಂದಿನ ಕೆಲಸದಲ್ಲಿ ತಿಂಗಳಿಗೆ 5,000 ಹೆಚ್ಚು ಸಿಕ್ಕಿದರೆ ಹತ್ತು ತಿಂಗಳೊಳಗೆ ಹೋದದ್ದೆಲ್ಲ ವಾಪಸು ಬಂತು. ಅಲ್ಲಿಂದಾಚೆಗಿನದು ಪ್ರತಿ ತಿಂಗಳೂ ಉಳಿಯುವ ಹಣ. ಓವರ್‌ಟೈಮಿನ ಗಂಟೆ ಇವತ್ತಿನ ದರಕ್ಕೆ ಮಾರಿಹೋಗುತ್ತದೆ, ನಾಳೆ ಅದೇ ದರಕ್ಕೆ ಇನ್ನೊಂದು ಗಂಟೆ ಮಾರಬೇಕು. ಕಲಿತ ಗಂಟೆ ಮುಂದೆ ಮಾರುವ ಎಲ್ಲ ಗಂಟೆಗಳ ದರವನ್ನೂ ಏರಿಸುತ್ತದೆ. ಒಂದು ಮಾತನ್ನು ಮಾತ್ರ ಸೇರಿಸಿಯೇ ಹೇಳುತ್ತೇನೆ: ಊರಿನಲ್ಲಿ ಮೀಟರ್ ಬಡ್ಡಿಯ ಸಾಲವಿದ್ದರೆ ಮೊದಲು ಓವರ್‌ಟೈಮ್ ಮಾಡಿ ಅದನ್ನು ತೀರಿಸು. ಬಡ್ಡಿ ಓಡುವ ವೇಗಕ್ಕೆ ಯಾವ ಕ್ಲಾಸೂ ಓಡಲಾರದು.

ಲೆಕ್ಕ ಇಷ್ಟು ಸರಳ. ಹಾಗಿದ್ದೂ ಎಷ್ಟೋ ಮಕ್ಕಳು ಮೂರನೇ ತಿಂಗಳಿಗೆ ಕ್ಲಾಸು ಬಿಡುತ್ತಾರೆ. ಅವರಿಗೆ ಮನಸ್ಸಿಲ್ಲ, ಮೊಬೈಲಿನಲ್ಲೇ ಮುಳುಗಿದ್ದಾರೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತಿರದಿಂದ ನೋಡಿದ್ದೇನೆ. ಅವರು ಬಿಡುವುದು ಆ ಗಂಟೆ ಅವರ ಕೈಯಲ್ಲಿ ಇರದ ಕಾರಣ. ಸೂಪರ್‌ವೈಸರ್ ಫೋನು ಮಾಡಿ ಬಾ ಎಂದರೆ ಹೋಗಬೇಕು. ರೂಮಿನಲ್ಲಿ ಆರು ಜನ, ಅಡುಗೆಯ ಪಾಳಿ ಅವತ್ತೇ ಬರುತ್ತದೆ. ಕಲಿಯಲು ಸಮಯ ಮಾಡಿಕೊಳ್ಳಬೇಕು ಎನ್ನುತ್ತೇವೆ. ಒಬ್ಬನೇ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲ. ಅದನ್ನು ಇನ್ನೊಬ್ಬರ ಹತ್ತಿರ ಕೇಳಿ, ಮಾತಾಡಿ, ಕೆಲವೊಮ್ಮೆ ಹಟ ಮಾಡಿ ಪಡೆಯಬೇಕು. ಈ ಊರಿನಲ್ಲಿ ನಮ್ಮ ಹಿಂದಿನವರು ಕಲಿತದ್ದೆಲ್ಲ ಹಾಗೆ ಪಡೆದ ಗಂಟೆಗಳಲ್ಲೇ.

ನನ್ನ ದೊಡ್ಡಪ್ಪ ಐವತ್ತರ ದಶಕದ ಕೊನೆಯಲ್ಲಿ, ಐದನೇ ಕ್ಲಾಸು ಮುಗಿಸಿ, ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದವರು. ಇಲ್ಲಿನ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಮೋರಿಯಲ್ಲಿ ಕಪ್ಪುಬಸಿ ತೊಳೆಯುವುದರಿಂದ ಶುರು. ಆಮೇಲೆ ಫಡ್ಕಾ ಹಿಡಿದು ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತಕ್ಕೆ ಶಟರು ಎಳೆಯುವವರೆಗೆ ಕೆಲಸ, ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಒಂದೆರಡು ತಾಸು ವಿರಾಮ. ಜೊತೆಯ ಹುಡುಗರಲ್ಲಿ ಇಬ್ಬರು ಸಂಜೆ ಶರ್ಟು ಬದಲಿಸಿ ಎಲ್ಲಿಗೋ ಹೋಗುವುದನ್ನು ನೋಡಿ ಇವರೂ ವಿಚಾರಿಸಿದರು. ಕನ್ನಡ ರಾತ್ರಿ ಶಾಲೆ. ಹಗಲಲ್ಲಿ ಮುನಿಸಿಪಾಲಿಟಿ ಶಾಲೆಯಾಗಿದ್ದ ಕಟ್ಟಡದಲ್ಲೇ ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ತರಗತಿ.

ಹೋಟೆಲಿನವರಿಗೆ ಗೊತ್ತು, ಆ ಮೂರು ಗಂಟೆ ಎಂದರೆ ಆಫೀಸು ಬಿಟ್ಟ ಗುಮಾಸ್ತರು ಚಹಾ ತಿಂಡಿಗೆ ನುಗ್ಗುವ ಹೊತ್ತು. ಗಲ್ಲೆ ತುಂಬುವುದೇ ಆಗ. ದೊಡ್ಡಪ್ಪ ಧಣಿಯ ಹತ್ತಿರ ಕೇಳಿದಾಗ ಅವರು ತಕ್ಷಣ ಹೂಂ ಎನ್ನಲಿಲ್ಲ. "ನಿನ್ನನ್ನ ಆರು ಗಂಟೆಗೆ ಬಿಟ್ರೆ ಟೇಬ್ಲು ಯಾರು ನೋಡೂದು?" ಎಂದು ಕೇಳಿ, ನಾಲ್ಕು ದಿನ ಬಿಟ್ಟು ತಾವೇ ಕರೆದರಂತೆ. ಒಪ್ಪಂದ ಹೀಗಾಯಿತು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬಟಾಟೆ ಬೇಯಿಸಿ ಸಿಪ್ಪೆ ತೆಗೆಯುವುದು, ಚಟ್ನಿಗೆ ಕಾಯಿ ತುರಿಯುವುದು ಇವರ ಪಾಲು. ಮಧ್ಯಾಹ್ನದ ವಿರಾಮ ಇಲ್ಲ. ಸಂಬಳದಲ್ಲಿ ತಿಂಗಳಿಗೆ ಇಷ್ಟು ಕಡಿತ. ಶಾಲೆಯಿಂದ ಬಂದ ಮೇಲೆ ದೊಡ್ಡ ಪಾತ್ರೆಗಳನ್ನು ತಿಕ್ಕುವುದು. ಪ್ರತಿಯಾಗಿ ಸಂಜೆ ಆರರಿಂದ ಅವರನ್ನು ಯಾರೂ ಕರೆಯುವಂತಿಲ್ಲ, ಎಷ್ಟೇ ಗಿರಾಕಿ ಇರಲಿ. ಈ ಕೊನೆಯ ಷರತ್ತನ್ನು ಧಣಿ ಎಲ್ಲರೆದುರೇ ಹೇಳಿದರು. ಮ್ಯಾನೇಜರು ಒಮ್ಮೆ ಗುರುವಾರ ಸಂಜೆ ತಡೆದು ನಿಲ್ಲಿಸಿದಾಗ ಧಣಿಯೇ ಗಲ್ಲೆಯಿಂದ ಎದ್ದು ಬಂದು ಟ್ರೇ ತೆಗೆದುಕೊಂಡರು ಎಂದು ದೊಡ್ಡಪ್ಪ ಹೇಳುವಾಗ ಅವರ ದನಿ ಈಗಲೂ ಬದಲಾಗುತ್ತದೆ.

ದೊಡ್ಡಪ್ಪನ ಹತ್ತಿರ ಗಡಿಯಾರ ಇರಲಿಲ್ಲ. ವಿಶ್ವವಿದ್ಯಾಲಯದ ಆವರಣದ ರಾಜಾಬಾಯಿ ಟವರಿನ ಗಂಟೆ ಕಾಲು ಕಾಲು ಗಂಟೆಗೆ ಬಾರಿಸುವುದು ಸಂಜೆ ಗಲಾಟೆಯಲ್ಲೂ ಕೇಳಿಸುತ್ತಿತ್ತಂತೆ. 1878ರಲ್ಲಿ ಕಟ್ಟಿ ಮುಗಿಸಿದ ಆ ಗೋಪುರಕ್ಕೆ ಹಣ ಕೊಟ್ಟವರು ಹತ್ತಿಯ ವ್ಯಾಪಾರಿ ಪ್ರೇಮಚಂದ್ ರಾಯಚಂದ್, ಹೆಸರು ಅವರ ತಾಯಿಯದು. ಐದೂಮುಕ್ಕಾಲರ ಗಂಟೆ ಕೇಳಿದ ಕೂಡಲೇ ದೊಡ್ಡಪ್ಪ ಮೋರಿಯ ಹತ್ತಿರ ಹೋಗಿ ಎರಡು ತಂಬಿಗೆ ನೀರು ಸುರಿದುಕೊಂಡು, ಬಟಾಟೆ ವಾಸನೆ ಹೋಗಲೆಂದು ಕೈಗೆ ನಿಂಬೆಹಣ್ಣಿನ ಸಿಪ್ಪೆ ತಿಕ್ಕಿ, ಇದ್ದ ಒಂದು ಬಿಳಿ ಶರ್ಟು ಹಾಕಿ ಹೊರಡುವುದು. ಎಂಟು ವರ್ಷದ ಮಕ್ಕಳಿಗೆ ಮಾಡಿದ ಬೆಂಚಿನಲ್ಲಿ ಇಪ್ಪತ್ತರ ಹುಡುಗರು ಮೊಣಕಾಲು ಮಡಚಿ ಕೂರುವುದು. ಮಾಸ್ತರರೂ ಹಗಲು ಬೇರೆ ಕಡೆ ದುಡಿದು ಬಂದವರೇ. ರಾತ್ರಿ ಪಾತ್ರೆ ತಿಕ್ಕಿ ಮುಗಿಸಿ ಹೋಟೆಲಿನ ಟೇಬಲುಗಳನ್ನು ಜೋಡಿಸಿ, ಅದರ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಆಗ ಇಲ್ಲಿ ಮ್ಯಾಟ್ರಿಕ್ ಎಂದರೆ ಹನ್ನೊಂದನೆಯ ತರಗತಿ. ಅದನ್ನು ಪಾಸು ಮಾಡಿ, ಟೈಪಿಂಗ್ ಕಲಿತು, ಬಲ್ಲಾರ್ಡ್ ಎಸ್ಟೇಟಿನ ಒಂದು ಶಿಪ್ಪಿಂಗ್ ಕಂಪನಿಯಲ್ಲಿ ಗುಮಾಸ್ತರಾದರು. ನಮ್ಮ ಮನೆತನದಲ್ಲಿ ತಿಂಗಳ ಸಂಬಳದ ಚೀಟಿ ನೋಡಿದ ಮೊದಲನೆಯವರು ಅವರು. ನಾನು ಓದಿದ್ದಕ್ಕೂ ದಾರಿ ಅಲ್ಲಿಂದಲೇ ಬಂತು.

ಈ ಕತೆಯಲ್ಲಿ ದೊಡ್ಡಪ್ಪನ ಛಲವನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಒಪ್ಪಂದ. ಅದೇ ಹೋಟೆಲಿನಲ್ಲಿ ಅವರಷ್ಟೇ ಜಾಣರು ಇದ್ದರು, ಬೇರೆ ಧಣಿಗಳ ಕೈಕೆಳಗೆ ಅವರಷ್ಟೇ ಛಲದವರೂ ಇದ್ದರು. ಸಂಜೆಯ ಮೂರು ಗಂಟೆ ಸಿಕ್ಕವರು ಮುಂದೆ ಹೋದರು, ಸಿಗದವರು ಮುದುಕರಾಗುವವರೆಗೆ ಟ್ರೇ ಹಿಡಿದರು.

ಆ ಮೂರು ಗಂಟೆ ಆಕಾಶದಿಂದ ಬಿದ್ದದ್ದೂ ಅಲ್ಲ. ನಮ್ಮ ಕರಾವಳಿಯವರು ಈ ನಗರದಲ್ಲಿ ಮೊದಲು ಕಟ್ಟಿಕೊಂಡ ಸಂಘಗಳನ್ನು ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಅದು ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಷನ್ ಗುರುನಾರಾಯಣ ರಾತ್ರಿ ಶಾಲೆ ನಡೆಸಿತು. ಹೊಟ್ಟೆಪಾಡಿಗೆ ಬಂದ ಜನ ದುಡಿದು ಕೂಡಿಸಿದ ಹಣದಲ್ಲಿ ದುಡಿಯುವ ಹುಡುಗರಿಗೆ ಶಾಲೆ ಮಾಡಿದರು. ಅದಕ್ಕೂ ಮುಂಚೆ, 1855ರಲ್ಲೇ, ಪುಣೆಯಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಕೂಲಿಕಾರರಿಗೂ ರೈತರಿಗೂ ರಾತ್ರಿ ಶಾಲೆ ತೆರೆದಿದ್ದರು. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಆರಂಭಿಸಿದಾಗ ನೌಕರಿಗೆ ಹೋಗುವವರೂ ಬರಲಿ ಎಂದು ಬೆಳಗ್ಗೆಯೇ ತರಗತಿ ಇಟ್ಟರು. ಪಾಠ ಏನು ಎಂಬುದರ ಜೊತೆಗೆ ಎಷ್ಟು ಗಂಟೆಗೆ ಎಂಬುದನ್ನೂ ಇವರೆಲ್ಲ ಯೋಚಿಸಿದ್ದರು. ಬಡವನಿಗೆ ಶಾಲೆಯ ಬಾಗಿಲು ತೆರೆದಿದೆ ಎನ್ನುವುದಕ್ಕೂ ಅವನು ಬರಬಲ್ಲ ಹೊತ್ತಿನಲ್ಲಿ ತೆರೆದಿದೆ ಎನ್ನುವುದಕ್ಕೂ ಬಹಳ ಅಂತರವಿದೆ.

ಇದೇ ಮುಂಬಯಿಯ ಗಿರಣಿಗಳಲ್ಲಿ ಭಾನುವಾರದ ರಜೆ ಎಂಬುದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಕಾರ್ಮಿಕರನ್ನು ಸೇರಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರ ಜೂನ್ 10ರಂದು ವಾರದ ರಜೆ ಒಪ್ಪಿಗೆಯಾಯಿತು. 1906ರಲ್ಲಿ ಸರ್ಕಾರ ದೇಶಕ್ಕೆಲ್ಲ ಒಂದೇ ಗಡಿಯಾರ ತಂದಾಗ ಇಲ್ಲಿನ ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ಅಲ್ಲಿಯವರೆಗೆ ಊರಿನಲ್ಲಿದ್ದ ಬಾಂಬೆ ಟೈಮಿಗಿಂತ ಹೊಸ ಸಮಯ 39 ನಿಮಿಷ ಮುಂದೆ, ಅಂದರೆ ಅಷ್ಟು ಬೇಗ ಏಳಬೇಕು, ಕತ್ತಲಲ್ಲೇ ಗಿರಣಿಯ ಗೇಟು ಸೇರಬೇಕು. ಊರಿನ ಕೆಲವು ಗಡಿಯಾರಗಳು 1955ರವರೆಗೂ ಬಾಂಬೆ ಟೈಮನ್ನೇ ತೋರಿಸುತ್ತಿದ್ದವು. ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆಯ ಮಿತಿ ಬಂದದ್ದು 1911ರ ಕಾಯ್ದೆಯಲ್ಲಿ. 1922ರಲ್ಲಿ 11, 1934ರಲ್ಲಿ 10. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಎಂದು ನಿಗದಿ ಮಾಡಿ, ಮೀರಿದರೆ ದುಪ್ಪಟ್ಟು ಕೂಲಿ ಎಂದಿತು. ಒಂದೊಂದು ಗಂಟೆ ಇಳಿಯಲು ಹನ್ನೊಂದರಿಂದ ಹದಿನಾಲ್ಕು ವರ್ಷ ಹಿಡಿದಿದೆ. ನಮ್ಮ ಸಂಜೆ ಎನ್ನುವುದು ಹಾಗೆ ಗೆದ್ದುಕೊಟ್ಟ ಆಸ್ತಿ. ಅದನ್ನು ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಸುಮ್ಮನೆ ಬಿಟ್ಟುಕೊಡುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ರೈಲಿನಲ್ಲೇ ಓದಬಹುದಲ್ಲ ಎಂದು ಬಹಳ ಜನ ಹೇಳುತ್ತಾರೆ. ಚರ್ಚ್‌ಗೇಟಿನಿಂದ ವಿರಾರಿಗೆ 60 ಕಿಲೋಮೀಟರ್, ಸಿಎಸ್‌ಎಂಟಿ ನಿಲ್ದಾಣದಿಂದ ಕಲ್ಯಾಣಕ್ಕೆ 54. ಕಾಗದದ ಮೇಲೆ ನೋಡಿದರೆ ಚಿನ್ನದಂಥ ಸಮಯ. 8.11ರ ಫಾಸ್ಟಿನಲ್ಲಿ ಡೊಂಬಿವಲಿಯಲ್ಲಿ ಹತ್ತಿ ಒಂದು ಕಾಲು ಊರಲು ಜಾಗ ಹುಡುಕಿದವರಿಗೆ ಮಾತ್ರ ಅದರ ನಿಜ ಗೊತ್ತು. ನಿಂತುಕೊಂಡು ಹೋಗುವ ಗಂಟೆ ಓದುವ ಗಂಟೆಯಲ್ಲ. ಕೇಳುವ ಗಂಟೆ ಆಗಬಹುದು. ಹಿಂದಿನ ರಾತ್ರಿ ಓದಿದ್ದನ್ನು ಮನಸ್ಸಿನಲ್ಲಿ ತಿರುವಿಹಾಕಲು, ಮರಾಠಿ ಮಾತು ಕಿವಿಗೆ ಹಾಕಿಕೊಳ್ಳಲು ಅದು ಸಾಕು. ಕೂರಲು ಸೀಟು ಸಿಗುವ ರೈಲಿಗಾಗಿ ಇಪ್ಪತ್ತು ನಿಮಿಷ ಮುಂಚೆ ಹೊರಟರೆ ಆ ಇಪ್ಪತ್ತು ನಿಮಿಷ ನಷ್ಟವಲ್ಲ, ಒಂದು ಗಂಟೆಯ ಓದು ಸಿಕ್ಕಿತು. ಫಸ್ಟ್ ಕ್ಲಾಸ್ ಪಾಸಿಗೆ ಹಲವು ಪಟ್ಟು ಹಣ. ಪರೀಕ್ಷೆಯ ಎರಡು ಮೂರು ತಿಂಗಳಿಗೆ ಮಾತ್ರ ಅದನ್ನು ತೆಗೆದುಕೊಂಡು, ಆಮೇಲೆ ಬಿಟ್ಟುಬಿಡುವವರನ್ನು ನಾನು ಬಲ್ಲೆ, ಅದು ಒಳ್ಳೆಯ ಯೋಚನೆ. ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದ್ದು ರೂಮಿನ ಬಾಡಿಗೆ. ದೂರದಲ್ಲಿ ತಿಂಗಳಿಗೆ 2,000 ಉಳಿಯುತ್ತದೆ ಎಂದು ಬದಲಾಪುರಕ್ಕೆ ಹೋದವನು ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಪ್ರಯಾಣ ಮಾಡಿದರೆ ತಿಂಗಳಿಗೆ 39 ಗಂಟೆ ಕೊಟ್ಟ. ಗಂಟೆಗೆ 51 ರೂಪಾಯಿಯಂತೆ ಮಾರಿದ ಹಾಗಾಯಿತು, ಅದೂ ಕಂಬಿ ಹಿಡಿದು ನಿಂತುಕೊಂಡು.

ನಿದ್ದೆಯಿಂದ ಕದಿಯುವ ಸಮಯದ ಬಗ್ಗೆಯೂ ನನಗೆ ತಕರಾರಿದೆ. ಬೆಳಗ್ಗೆ ನಾಲ್ಕಕ್ಕೆ ಏಳಿ ಎಂದು ಮೊಬೈಲಿನಲ್ಲಿ ದಿನವೂ ಉಪದೇಶ ಬರುತ್ತದೆ. ರಾತ್ರಿ ಹನ್ನೊಂದೂವರೆಗೆ ಮನೆ ಮುಟ್ಟುವವನಿಗೆ ಇದನ್ನು ಹೇಳುವುದು ತಪ್ಪು. ದೊಡ್ಡಪ್ಪ ನಾಲ್ಕೂವರೆಗೆ ಎದ್ದರು ನಿಜ. ಗಣಿತದ ತರಗತಿಯಲ್ಲಿ ತೂಕಡಿಸಿ ಬಿದ್ದ ದಿನಗಳನ್ನೂ ಅವರೇ ಹೇಳುತ್ತಾರೆ.

ಹೆಂಗಸರ ಸಮಯದ ಮಾತು ಬಂದರೆ ಲೆಕ್ಕವೇ ಬೇರೆ. ಕೇಂದ್ರ ಸರ್ಕಾರ 2019ರಲ್ಲಿ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಐದು ಗಂಟೆ, ಸಂಬಳವಿಲ್ಲದ್ದು. ಪಶ್ಚಿಮ ರೈಲ್ವೆ 1992ರಲ್ಲಿ ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಮಹಿಳೆಯರಿಗೆಂದೇ ಲೇಡೀಸ್ ಸ್ಪೆಷಲ್ ಓಡಿಸಲು ತೊಡಗಿತು. ಆ ರೈಲಿನಲ್ಲಿ, ಬೇರೆ ರೈಲುಗಳ ಲೇಡೀಸ್ ಡಬ್ಬದಲ್ಲೂ, ಮೆಂತೆ ಸೊಪ್ಪು ಬಿಡಿಸುವವರನ್ನು, ಬಟಾಣಿ ಸುಲಿಯುವವರನ್ನು ನೋಡಿ ಮುಂಬಯಿ ಹೆಂಗಸರ ಜಾಣ್ಮೆ ಎಂದು ಹೊಗಳುತ್ತಾರೆ. ನಾನೂ ಬಿಡಿಸಿದ್ದೇನೆ. ಪಕ್ಕದಲ್ಲಿ ಕೂತವಳು ಪುಸ್ತಕ ತೆಗೆದಾಗ, ಅವಳ ಮನೆಯಲ್ಲಿ ಯಾರು ಸೊಪ್ಪು ಬಿಡಿಸುತ್ತಾರೋ ಎಂದು ಯೋಚಿಸಿದ್ದೂ ಇದೆ.

ನನ್ನ ಓರಗಿತ್ತಿ ಮದುವೆಯಾಗಿ ಬಂದಾಗ ಪಿಯುಸಿ ಮುಗಿಸಿದ್ದಳು. ಮಗು ಶಾಲೆಗೆ ಸೇರಿದ ಮೇಲೆ ಬಿಕಾಂ ಮಾಡುತ್ತೇನೆ ಎಂದಳು. ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ 1971ರಿಂದ ಇದೆ, ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ 1989ರಿಂದ. ಪ್ರವೇಶಕ್ಕೆ ತೊಂದರೆ ಇರಲಿಲ್ಲ, ಪುಸ್ತಕಗಳೂ ಬಂದವು. ಒಂದು ರೂಮು ಒಂದು ಕಿಚನ್ನಿನ ಮನೆಯಲ್ಲಿ ಎಂಟು ಗಂಟೆಗೆ ಅತ್ತೆಯ ಧಾರಾವಾಹಿ, ಎಂಟೂವರೆಗೆ ನನ್ನ ಮೈದುನ, ಅಂದರೆ ಅವಳ ಗಂಡ, ಬಂದ ಕೂಡಲೇ ಬಿಸಿ ಚಪಾತಿ. ಪುಸ್ತಕ ಕಪಾಟಿನ ಮೇಲೇ ಉಳಿಯಿತು. ಅವಳು ಜಗಳ ಮಾಡಲಿಲ್ಲ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ, "ಅತ್ತೆ, ನಂಗೆ ರಾತ್ರಿ ಎಂಟರಿಂದ ಒಂಬತ್ತೂವರೆ ಬೇಕು, ಪರೀಕ್ಷೆ ಮುಗಿಯುವವರೆಗೆ" ಎಂದು ಬಾಯಿಬಿಟ್ಟು ಕೇಳಿದಳು. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಪಾತಿ ದಿನಾ ಯಾಕೆ, ಗಂಜಿ ಊಟ ಮಾಡಿದ್ರೆ ಆಗುದಿಲ್ವಾ?" ಎಂದು ಮಗನ ಮುಖ ನೋಡಿದರು. ಅಂದಿನಿಂದ ವಾರದ ದಿನ ರಾತ್ರಿ ಕುಚ್ಚಲಕ್ಕಿ ಗಂಜಿ, ಒಂದು ಪಲ್ಯ, ಉಪ್ಪಿನಕಾಯಿ. ಗಂಜಿ ಇಡುವುದು ಅತ್ತೆ, ಪಾತ್ರೆ ಮೈದುನನ ಪಾಲು. ಓದಲು ಬಿಲ್ಡಿಂಗಿನ ಸೊಸೈಟಿ ಆಫೀಸಿನ ಬೀಗದಕೈ ಸೆಕ್ರೆಟರಿಯ ಹತ್ತಿರ ಕೇಳಿ ತೆಗೆದುಕೊಂಡಳು. ಪದವಿಗೆ ಮಾಮೂಲಿಗಿಂತ ಹೆಚ್ಚು ವರ್ಷ ಹಿಡಿಯಿತು, ಆದರೆ ಆಯಿತು. ಈಗ ಒಬ್ಬ ಸಿಎ ಹತ್ತಿರ ಕೆಲಸ ಮಾಡುತ್ತಾಳೆ. ಅವಳ ಮನೆಯಲ್ಲಿ ರಾತ್ರಿ ಈಗಲೂ ಗಂಜಿಯೇ. ಅತ್ತೆಗೆ ಅದೇ ಹಿತ.

ಹೀಗೆ ಗೊತ್ತುಮಾಡಿಕೊಂಡ ಗಂಟೆ ದಿನವೂ ಕೈಗೆ ಬರುವಂತೆ ಮಾಡುವುದು ಇನ್ನೊಂದು ಕೆಲಸ. ನಮ್ಮ ಕರಾವಳಿಯವರಿಗೆ ಪಿಗ್ಮಿ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆ ಠೇವಣಿ ತಂದಿತು. ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಾದರೂ ತೆಗೆದುಕೊಂಡು ಹೋಗುತ್ತಿದ್ದ. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಎಂಬ ಮಾತು ಉಳಿದಿದೆ. ಎರಡಾಣೆ ಉಳಿಸುವ ಶಕ್ತಿ ಜನರಿಗೆ ಮೊದಲೂ ಇತ್ತು. ಉಳಿಯತೊಡಗಿದ್ದು ದಿನವೂ ಅದೇ ಹೊತ್ತಿಗೆ ಒಬ್ಬ ಬಂದು ಕೈಚಾಚಿದ ಮೇಲೆ. ಕಲಿಕೆಯ ಗಂಟೆಯೂ ಹಾಗೆಯೇ ಎಂದು ನಾನು ನಂಬುತ್ತೇನೆ. ಮೊಬೈಲಿನಲ್ಲಿ ಸಾವಿರ ಪಾಠಗಳಿವೆ, ಬಹುಪಾಲು ಪುಕ್ಕಟೆ, ಯಾವಾಗ ಬೇಕಾದರೂ ನೋಡಬಹುದು. ಯಾವಾಗ ಬೇಕಾದರೂ ನೋಡಬಹುದಾದ್ದನ್ನು ಯಾರೂ ನೋಡಿ ಮುಗಿಸುವುದಿಲ್ಲ. ಅದಕ್ಕೆ ನಾನು ಮಕ್ಕಳಿಗೆ ಜೋಡಿ ಮಾಡಿಸುತ್ತೇನೆ. ರಾತ್ರಿ ಇಂಥ ಹೊತ್ತಿಗೆ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿ, ಇವತ್ತು ಮಾಡಿದ ಲೆಕ್ಕ ಓದಿ ಹೇಳಬೇಕು. ಜೋಡಿ ಇರುವವರು ಉಳಿಯುತ್ತಾರೆ.

ಏನು ಕಲಿಯಬೇಕು ಎಂದರೆ ನನ್ನ ಅಭಿಪ್ರಾಯ ಚಿಕ್ಕದು. ಮುಂಬಯಿಗೆ ಬಂದವರು ಮೊದಲು ಮರಾಠಿ ಕಲಿಯಲಿ. ಗಿರಾಕಿ, ಆಸ್ಪತ್ರೆ, ಪೊಲೀಸ್ ಠಾಣೆ, ಮಗುವಿನ ಶಾಲೆ ಎಲ್ಲ ಕಡೆ ಅದು ಗಂಟೆಗಟ್ಟಲೆ ಸಮಯ ಉಳಿಸುತ್ತದೆ. ಆಮೇಲೆ ಈಗ ಮಾಡುತ್ತಿರುವ ಕೆಲಸದ ಪಕ್ಕದ ಮೇಜಿನ ಕೆಲಸ. ಗೋಡೌನಿನಲ್ಲಿ ಮಾಲು ಎತ್ತುವವನು ಸ್ಟಾಕ್ ರಿಜಿಸ್ಟರ್ ಬರೆಯುವುದನ್ನು ಕಲಿತರೆ ಬೇರೆ ಕಡೆ ಅರ್ಜಿ ಹಾಕುವ ಅಗತ್ಯವೇ ಬಾರದೆ ದರ ಏರಬಹುದು. ಇನ್ನು, ಕಲಿತದ್ದೆಲ್ಲ ಸಂಬಳವಾಗಲೇಬೇಕೆಂದು ನಾನು ಎಣಿಸುವುದಿಲ್ಲ. ದೊಡ್ಡಪ್ಪ ರಾತ್ರಿ ಶಾಲೆಯಲ್ಲಿ ಕನ್ನಡ ಪದ್ಯಗಳನ್ನು ಬಾಯಿಪಾಠ ಮಾಡಿದ್ದರು. ಶಿಪ್ಪಿಂಗ್ ಕಂಪನಿಯಲ್ಲಿ ಅದಕ್ಕೆ ಒಂದು ಪೈಸೆ ಸಿಗಲಿಲ್ಲ. ನಿವೃತ್ತರಾದ ಮೇಲೆ ಅವರಿಗೆ ದಿನ ಕಳೆಯುವುದು ಹೇಗೆ ಎಂಬ ಚಿಂತೆ ಬರಲೇ ಇಲ್ಲ. ನಾನು ಮೇಲೆ ಬರೆದ ಲೆಕ್ಕದಲ್ಲಿ ಇದನ್ನು ಯಾವ ಕಾಲಮ್ಮಿನಲ್ಲಿ ಹಾಕಬೇಕೋ ಅಲ್ಲಿ ಹಾಕಿಕೊಳ್ಳಿ, ಬಿಡಬೇಡಿ.

ಕನ್ನಡ ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚುತ್ತ ಬಂದಿವೆ. ಊರಿನಲ್ಲೇ ಶಾಲೆ ಕಾಲೇಜು ಆದವು, ಮಕ್ಕಳು ಓದಿ ಮುಗಿಸಿಯೇ ಬರುತ್ತಾರೆ. ಅದು ಸಂತೋಷದ ವಿಷಯ. ಆದರೆ ನಮ್ಮ ಹೋಟೆಲುಗಳಲ್ಲಿ ಟೇಬಲ್ ಒರೆಸುವವರು ಇಲ್ಲದೆ ಹೋಗಿಲ್ಲ. ಇವತ್ತು ಅವರು ಯಾದಗಿರಿಯವರು, ರಾಯಚೂರಿನವರು, ಒಡಿಶಾ, ಬಿಹಾರ, ನೇಪಾಳದವರು. ನಗರದ ಮರಾಠಿ, ಹಿಂದಿ ರಾತ್ರಿ ಶಾಲೆಗಳಿಗೆ ಅಂಥ ಹುಡುಗರು ಹಸಿದು ಬರುತ್ತಾರೆ. 2008ರಿಂದ ಮಾಸೂಮ್ ಎಂಬ ಸಂಸ್ಥೆ ರಾತ್ರಿ ಶಾಲೆಗಳ ಜೊತೆ ಕೆಲಸ ಮಾಡುತ್ತಿದೆ, ಅವರು ಕೊಡುವುದರಲ್ಲಿ ಪುಸ್ತಕದ ಜೊತೆ ಸಂಜೆಯ ತಿಂಡಿಯೂ ಇದೆ. ಗಲ್ಲೆಯಲ್ಲಿ ಕೂತಿರುವ ನಮ್ಮವರಲ್ಲಿ ಎಷ್ಟೋ ಜನ ಸ್ವತಃ ರಾತ್ರಿ ಶಾಲೆಯಲ್ಲಿ ಕಲಿತವರು, ಇಲ್ಲವೇ ಕಲಿತವರ ಮಕ್ಕಳು. ಸಂಘದ ವಾರ್ಷಿಕೋತ್ಸವದಲ್ಲಿ ಆ ದಿನಗಳನ್ನು ನೆನೆದು ಕಣ್ಣು ಒರೆಸಿಕೊಳ್ಳುತ್ತಾರೆ. ಅವರ ಹತ್ತಿರ ನಾನು ಕೇಳುವುದು ಇದನ್ನೇ: ನಿಮ್ಮ ಹೋಟೆಲಿನಲ್ಲಿ ಸಂಜೆ ಆರಕ್ಕೆ ಬಿಡುಗಡೆ ಸಿಗುವ ಹುಡುಗ ಯಾರಾದರೂ ಇದ್ದಾನೆಯೇ?

ಠಾಣೆ ನಗರದಲ್ಲಿ ಒಬ್ಬ ಹೋಟೆಲ್ ಮಾಲೀಕರು ಈ ಪ್ರಶ್ನೆಗೆ ಎದ್ದು ಹೋಗಲಿಲ್ಲ, ಲೆಕ್ಕ ಕೇಳಿದರು. ಇಬ್ಬರೂ ಕೂತು ಬರೆದೆವು. ಅವರಲ್ಲಿ ಯಾದಗಿರಿಯ ಒಬ್ಬ ಹುಡುಗ ಎಲೆಕ್ಟ್ರಿಷಿಯನ್ ಕೋರ್ಸಿಗೆ ಸೇರಬೇಕೆಂದು ಕೇಳುತ್ತಿದ್ದ, ಕ್ಲಾಸು ಸಂಜೆ ಏಳರಿಂದ ಒಂಬತ್ತು. ಮಾಲೀಕರು ಅವನನ್ನು ಬೆಳಗಿನ ಪಾಳಿಗೆ ಹಾಕಿ, ಸಂಜೆಯ ಮೂರು ಗಂಟೆಗೆ ಪಕ್ಕದ ಚಾಳಿನ ಒಬ್ಬ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಂಡರು. ಹುಡುಗನ ಸಂಬಳ ಕಡಿಯಲಿಲ್ಲ. ಉಳಿದ ಹುಡುಗರು ಅವನಿಗೆ ಮಾತ್ರ ಯಾಕೆ ಎಂದು ಕೇಳಿದ್ದಕ್ಕೆ, ಫೀಸು ಕಟ್ಟಿದ ರಸೀದಿ ತಂದು ತೋರಿಸಿದವರಿಗೆಲ್ಲ ಇದೇ ನಿಯಮ ಎಂದರಂತೆ. ಹೋದ ತಿಂಗಳು ಇನ್ನೊಬ್ಬ ರಸೀದಿ ತಂದಿದ್ದಾನೆ, ಸ್ಪೋಕನ್ ಇಂಗ್ಲಿಷ್ ಕ್ಲಾಸಿನದು. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಗಣಪತಿ ಹಬ್ಬದ ಹತ್ತು ದಿನ ಸಂಜೆಯ ಗಿರಾಕಿಯನ್ನು ಹೇಗೆ ನಿಭಾಯಿಸುವುದೆಂದು ಮಾಲೀಕರು ಈಗ ಯೋಚಿಸುತ್ತಿದ್ದಾರೆ. ಆ ಹತ್ತು ದಿನಕ್ಕೆ ತಮ್ಮ ಮಗನನ್ನೇ ಕಾಲೇಜು ಬಿಟ್ಟ ಮೇಲೆ ಸಪ್ಲೈಗೆ ನಿಲ್ಲಿಸುವ ಮಾತೂ ಇದೆ. ಮಗ ಇನ್ನೂ ಒಪ್ಪಿಲ್ಲ.